ಎಲ್ಲವೂ ಕೂದಲೆಳೆ ಅಂತರದಲ್ಲಿ

ನಮ್ಮ ಸಂಜೆಪತ್ರಿಕೆಯ ಕ್ರೀಡಾಪುಟ ನೋಡಿಕೊಳ್ಳುವವನಿಗೆ ಕಚೇರಿಯಲ್ಲಿ ಕೂದಲೆಳೆ ಎಂದೇ ಹೆಸರು. ಅವನ ಪಕ್ಕದ ಮೇಜಿನಲ್ಲಿ ಇಪ್ಪತ್ತೆರಡು ವರ್ಷದಿಂದ ಕೂತು ಕರಡು ತಿದ್ದುತ್ತಿರುವವಳು ನಾನು. ಎದುರಿಗೆ 'ನೀವು' ಎನ್ನುತ್ತೇನೆ. ಬರೆಯುವಾಗ ಬಹುವಚನ ಹಾಕಲು ಕೈ ಬರುವುದಿಲ್ಲ, ಯಾರು ತಪ್ಪು ತಿಳಿದರೂ ಚಿಂತೆಯಿಲ್ಲ.

ಆ ಹೆಸರೇನೂ ಅವನಿಗೆ ಪುಕ್ಕಟೆ ಬಂದದ್ದಲ್ಲ. ಲೋಕದ ಪಂದ್ಯಗಳೆಲ್ಲ ಕೊನೆಯ ಕ್ಷಣದವರೆಗೂ ತೂಗುಯ್ಯಾಲೆಯಲ್ಲೇ ಇರುತ್ತವೆ ಎಂದು ಓದುಗರನ್ನು ನಂಬಿಸಲು ಅವನು ಪಟ್ಟ ಪಾಡು ಅಷ್ಟಿಷ್ಟಲ್ಲ. ಮೇಜಿನ ಗಾಜಿನಡಿ ಒಂದು ಚೀಟಿ ಇಟ್ಟುಕೊಂಡಿದ್ದಾನೆ: ಕೂದಲೆಳೆ ಅಂತರ, ಪ್ರಯಾಸದ ಗೆಲುವು, ಜಿದ್ದಾಜಿದ್ದಿ, ಹಣಾಹಣಿ, ತುರುಸಿನ ಪೈಪೋಟಿ, ಕೈತಪ್ಪಿದ ಜಯ. ಒಂದೊಂದರ ಮುಂದೆ ಒಂದು ಅಂಕಿ. ಅದು ಪದದ ಅಗಲ. ಅರ್ಥದ ಗೊಡವೆಗೆ ಅವನು ಹೋದವನಲ್ಲ. ಎರಡು ಕಾಲಂ ಜಾಗವಿದ್ದರೆ ಜಿದ್ದಾಜಿದ್ದಿ, ಮೂರು ಕಾಲಂ ಇದ್ದರೆ ಕೂದಲೆಳೆ ಅಂತರದ ಗೆಲುವು. ಮೈದಾನದಲ್ಲಿ ಏನಾಯಿತೆಂದು ತಿಳಿಯಲು ಅವನು ಪುಟದಲ್ಲಿ ಉಳಿದ ಜಾಗ ಅಳೆಯುತ್ತಾನೆ.

ಮೊದಮೊದಲು ನಾನು ಜಗಳಕ್ಕೇ ನಿಂತಿದ್ದೆ.

"ರೀ, ಪ್ರಯಾಸದ ಗೆಲುವು ಅಂದ್ರೆ ಸುಲಭವಾಗಿ ಗೆಲ್ಲಬೇಕಾದವನು ಏದುಸಿರು ಬಿಟ್ಕೊಂಡು ಗೆದ್ದ ಅಂತ. ಜಿದ್ದಾಜಿದ್ದಿ ಅನ್ನೋಕೆ ಇಬ್ಬರಿಗೂ ಹಟ ಇರಬೇಕು. ಒಂದು ಪಾಯಿಂಟಲ್ಲಿ ಮುಗಿದಿದ್ದೆಲ್ಲ ಜಿದ್ದಾಜಿದ್ದಿ ಆಗಲ್ಲ."

"ಎಲ್ಲಾ ಒಂದೇ ಬಿಡಿ ಮೇಡಂ. ಓದೋರಿಗೆ ಸ್ವಲ್ಪ ಎದೆ ಡವಡವ ಅನ್ನಬೇಕು, ಅಷ್ಟೇ."

ಏಳು-ಸೊನ್ನೆಯಲ್ಲಿ ಮುಗಿದ ಫುಟ್‌ಬಾಲ್ ಪಂದ್ಯಕ್ಕೂ 'ಹಣಾಹಣಿ' ಎಂದು ಕೊಟ್ಟ ಪುಣ್ಯಾತ್ಮ ಇವನು. ಸೋತ ತಂಡದ ಗೋಲ್‌ಕೀಪರ್ ಫೋನ್ ಮಾಡಿ, "ಏನ್ ಸಾರ್, ಅಣಕಿಸ್ತಿದ್ದೀರಾ?" ಎಂದು ಕೇಳಿದ. ಫೋನ್ ಇಟ್ಟ ಮೇಲೆ ನಮ್ಮವನು, "ನೋಡಿದ್ರಾ, ಓದ್ತಾರೆ ನಮ್ಮ ಪುಟಾನ" ಎಂದು ಹಿಗ್ಗಿ ಹೀರೇಕಾಯಿಯಾದ. ಇಂಥವನಿಗೆ ಏನು ಹೇಳುವುದು?

ಇದನ್ನೆಲ್ಲ ಸಹಿಸಬಹುದಿತ್ತು. ಸಂಜೆ ಓದಿ ಮರುದಿನ ಕಿಟಕಿ ಒರೆಸುವ ಕಾಗದ ನಮ್ಮದು. ಆದರೆ ಅವನಿಗೊಬ್ಬಳು ಮಗಳಿದ್ದಾಳೆ. ಕಡ್ಡಿಯಂಥ ಹುಡುಗಿ, ಮಾತು ಕಮ್ಮಿ, ಕಾಲೇಜಿನ ಪರವಾಗಿ ಎಂಟುನೂರು ಮೀಟರ್ ಓಡುತ್ತಾಳೆ. ಓಟಗಳು ನಡೆಯುವುದು ಬೆಳಗ್ಗೆ. ನಮ್ಮ ಪುಟ ಕಟ್ಟುವುದೂ ಬೆಳಗ್ಗೆಯೇ. ಹಾಗಾಗಿ ಮಗಳು ಓಡುವುದನ್ನು ಅವನು ಒಮ್ಮೆಯೂ ನೋಡಿಲ್ಲ.

ಮೊದಲ ಅಂತರಕಾಲೇಜು ಕೂಟದಲ್ಲಿ ಅವಳು ಕೊನೆಯವಳಾದಳು. ಅದೂ ಎಂಥ ಕೊನೆ! ಗೆದ್ದವಳು ನೀರು ಕುಡಿದು, ಶೂ ಬಿಚ್ಚಿ, ಹುಲ್ಲಿನ ಮೇಲೆ ಕಾಲು ಚಾಚಿ ಕೂತ ಮೇಲೆ ಇವಳು ಗೆರೆ ದಾಟಿದಳು. ಇಡೀ ಮೈದಾನ ಕಣ್ಣಾರೆ ಕಂಡಿತ್ತು. ಫಲಿತಾಂಶದ ಹಾಳೆ ಅವನ ಕೈಯಲ್ಲೇ ಇತ್ತು. ಸಂಜೆಯ ಪತ್ರಿಕೆಯಲ್ಲಿ ಮಾತ್ರ ಮಗಳ ಫೋಟೋ, ಅದರ ಮೇಲೆ 'ಕೂದಲೆಳೆಯಲ್ಲಿ ಕೈತಪ್ಪಿದ ಪದಕ'. ಕರಡಿನಲ್ಲೇ ನಾನು ಕೆಂಪು ಗೆರೆ ಎಳೆದಿದ್ದೆ. ಅವನು ಕ್ಯಾರೇ ಅನ್ನಲಿಲ್ಲ.

"ಮಗು ಮನಸ್ಸು ಮುದುಡಿ ಹೋಗುತ್ತೆ ಮೇಡಂ."

ಮರುದಿನ ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ಆ ಸುದ್ದಿಯ ತುಣುಕು ಕಾಣಿಸಿಕೊಂಡಿತು. ಯಾರೋ ಅದರ ಮೇಲೆ ಉದ್ದನೆಯ ಕೂದಲೊಂದನ್ನು ಟೇಪು ಹಚ್ಚಿ ಅಂಟಿಸಿ, ಪಕ್ಕದಲ್ಲಿ 'ಉದ್ದ: ನೂರಿಪ್ಪತ್ತು ಮೀಟರ್' ಎಂದು ಬರೆದಿದ್ದರು. ಹುಡುಗಿ ಅದನ್ನು ಕಿತ್ತುಕೊಂಡು ನೇರ ಕಚೇರಿಗೆ ಬಂದು ಅಪ್ಪನ ಮುಂದಿಟ್ಟಳು.

"ಅಪ್ಪಾ, ನಾನು ಎಷ್ಟನೆಯವಳಾದೆ? ಬಾಯ್ಬಿಟ್ಟು ಹೇಳು."

"ಅಲ್ಲ ಪುಟ್ಟಾ, ಸ್ವಲ್ಪದರಲ್ಲಿ..."

"ಎಷ್ಟನೆಯವಳು?"

"ಭಾಗವಹಿಸೋದು ಮುಖ್ಯ ಕಣಮ್ಮ."

"ಕೊನೆಯವಳು. ಅಷ್ಟು ಹೇಳೋಕೂ ನಿಂಗೆ ನಾಚಿಕೆನಾ? ಓಡಿದ ನಂಗೇ ಇಲ್ವಲ್ಲ!"

ಅವನು ಪೆನ್ನಿನ ಮುಚ್ಚಳ ತೆಗೆಯುತ್ತ ಹಾಕುತ್ತ ಕೂತ. ನನಗೆ ಅವನ ಕೊರಳಪಟ್ಟಿ ಹಿಡಿದು ಅಲ್ಲಾಡಿಸುವಷ್ಟು ಸಿಟ್ಟು ಬಂತು. ಬರೆದೇ ಹೊಟ್ಟೆ ಹೊರೆದವನ ಬಾಯಿಂದ ಮಗಳ ಮುಂದೆ ಒಂದೇ ಒಂದು ಸರಿಯಾದ ಮಾತು ಹೊರಡಲಿಲ್ಲ.

ಹುಡುಗಿ ಓಟ ಬಿಡಲಿಲ್ಲ. ಅಪ್ಪನಿಗೆ ಹೇಳುವುದನ್ನು ಬಿಟ್ಟಳು. ಅಂದಿನಿಂದ ಫಲಿತಾಂಶ ಬರುತ್ತಿದ್ದದ್ದು ನನ್ನ ಫೋನಿಗೆ. ಏಳನೆಯವಳು. ಆಮೇಲೊಮ್ಮೆ ಐದನೆಯವಳು. 'ಇತರ ಫಲಿತಾಂಶ'ಗಳ ಸಾಲಿನಲ್ಲಿ ನಾನೇ ಸೇರಿಸುತ್ತಿದ್ದೆ. ಅವನು ನನ್ನ ಮೇಜಿನ ಹತ್ತಿರ ಸುಳಿದಾಡಿ, ಕೊನೆಗೆ ತಡೆಯಲಾರದೆ ಕೇಳುವನು.

"ಎಷ್ಟನೆಯವಳಂತೆ?"

"ಐದು."

"ಅಂದ್ರೆ, ನಾಲ್ಕನೆಯವಳಿಗೂ ಇವಳಿಗೂ ತೀರಾ..."

"ಐದು ಅಂದ್ರೆ ಐದು ರೀ!"

ಹೆತ್ತ ಮಗಳ ಸುದ್ದಿಯನ್ನು ಕರಡು ತಿದ್ದುವವಳ ಬಳಿ ಕೇಳಿ ತಿಳಿಯಬೇಕಾದ ಗತಿ. ಅಯ್ಯೋ ಅನ್ನಿಸಬೇಕಿತ್ತು. ನಿಜ ಹೇಳುತ್ತೇನೆ, ನನಗೆ ಅನ್ನಿಸಲಿಲ್ಲ. ಅನುಭವಿಸಲಿ ಎಂದುಕೊಂಡೆ.

ಕಳೆದ ವಾರ, ಬೆಳಗ್ಗೆ ಹನ್ನೊಂದರ ಸುಮಾರಿಗೆ ಫೋನ್ ಬಂತು. ಹುಡುಗಿಗೆ ಇನ್ನೂ ಉಸಿರು ಹತೋಟಿಗೆ ಬಂದಿರಲಿಲ್ಲ.

"ಆಂಟಿ, ಫಸ್ಟು!"

"ಏನಂದೆ?"

"ಫಸ್ಟು ಆಂಟಿ! ಇಬ್ಬರೂ ಒಟ್ಟಿಗೇ ದಾಟಿದ್ವಿ. ಕ್ಯಾಮೆರಾ ನೋಡಿ ಹೇಳಿದ್ರು. ಸೆಕೆಂಡನ್ನ ನೂರು ಭಾಗ ಮಾಡಿದ್ರೆ ಅದರಲ್ಲಿ ಎರಡು ಭಾಗ, ಅಷ್ಟೇ!"

ನನ್ನ ಕಣ್ಣು ತುಂಬಿತು. "ಅಪ್ಪ ಪಕ್ಕದಲ್ಲೇ ಇದ್ದಾರೆ, ಕೊಡ್ತೀನಿ ತಾಳು" ಎಂದೆ.

"ಬೇಡ ಆಂಟಿ. ನೀವೇ ಬರೀರಿ. ಅಪ್ಪ ಬರೆದ್ರೆ ಯಾರೂ ನಂಬಲ್ಲ."

ಬರೆದೆ. ಅವಳ ಹೆಸರು, ಪ್ರಥಮ, ಸಮಯ. ಪಕ್ಕದಲ್ಲಿ ಎರಡನೆಯವಳ ಹೆಸರು, ಸಮಯ. ಅಷ್ಟೇ. ಕರಡು ಅವನ ಕೈಗೆ ಹೋಯಿತು. ಓದಿದ. ಕನ್ನಡಕ ತೆಗೆದು ಅಂಗಿಗೆ ಒರೆಸಿ ಮತ್ತೆ ಓದಿದ. ಈಗ ಎದ್ದು ಕುಣಿಯುತ್ತಾನೆ, ಕಚೇರಿಗೆಲ್ಲ ಸಾರಿಕೊಂಡು ಬರುತ್ತಾನೆ ಎಂದು ನಾನು ಕಾದೆ. ಅವನು ಕರಡನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ನನ್ನ ಮೇಜಿಗೆ ಬಂದು, ಯಾರಿಗೂ ಕೇಳಿಸದಂತೆ ಬಗ್ಗಿದ.

"ಮೇಡಂ, ತಪ್ಪು ತಿಳ್ಕೋಬೇಡಿ. ನಿಜವಾಗ್ಲೂ ಗೆದ್ಲಾ? ಇಲ್ಲ, ನನ್ನ ಸಮಾಧಾನಕ್ಕೆ ಅಂತ ನೀವೇ ಹೀಗೆ ಬರೆದ್ರಾ?"