ಅರ್ಧಚಂದ್ರದ ಪಾತಿ

ಓಂ ಬೀಚ್ ಹತ್ತಿರದ ಗೆಸ್ಟ್ ಹೌಸಿನ ಗುಡ್ಡದಲ್ಲಿ ತರಕಾರಿ ಪಾತಿ ಮಾಡಿಸಲು ಪೇಟೆಯಿಂದ ಒಬ್ಬ ಡಿಸೈನರ್ ಬಂದಿದ್ದರು. ಅಲ್ಲಿ ಗಿಡ ನೋಡಿಕೊಳ್ಳುವ ಕೆಲಸ ನನ್ನದು. ಸಸಿ ಒಣಗಿದರೆ ಯಜಮಾನರ ಬೈಗುಳವೂ ನನಗೇ. ಡಿಸೈನರ್ ಹೇಳಿದಂತೆ ಚಿರೆಕಲ್ಲು ಹೊತ್ತು ಅರ್ಧಚಂದ್ರದ ಹಾಗೆ ಕಟ್ಟೆ ಜೋಡಿಸಿದೆ. ಅದರ ಬಾಯಿ ಇಳಿಜಾರಿನ ಕೆಳಗಡೆಗಿತ್ತು.

“ಸರ್, ಹೀಗಾದ್ರೆ ನೀರು ನಿಲ್ಲೂದಿಲ್ಲ.”

“ಮೇಲಿಂದ ಫೋಟೋ ತೆಗೆದ್ರೆ ಹೀಗೇ ಚಂದ, ಅಕ್ಕಾ.”

“ಫೋಟೋ ನೋಡ್ಕಂಡು ಬಸಳೆ ಬೆಳೀತದಾ ಎಂತ?”

ಪಾತಿಗೆ ಒಂದು ಕೊಡ ನೀರು ಸುರಿದೆ. ಅದು ಸೀದಾ ಕೆಳಗಿಳಿದು ಅವರ ಬಿಳಿ ಶೂ ತೋಯಿಸಿತು. ಕಟ್ಟೆಯ ಬಾಯಿ ಮೇಲ್ಗಡೆ ತಿರುಗಿಸಲು ಅವರೇ ಕಲ್ಲಿಗೆ ಕೈಹಾಕಿದರು.

ಸಂಜೆ ಯಜಮಾನರು ಬಂದು ಮೆಚ್ಚಿದಾಗ ಡಿಸೈನರ್, “ಬಾಯಿ ಮೇಲ್ಗಡೆ ಇಟ್ಟಿದ್ದು ನನ್ನದೇ ಐಡಿಯಾ” ಎಂದರು. ಆಗಲಿ ಎಂದು ನಾನು ಕೊಡ ಎತ್ತಿಕೊಂಡೆ. ಇನ್ನು ಬಸಳೆ ಒಣಗಿದರೆ ಯಜಮಾನರ ಬೈಗುಳವೂ ಡಿಸೈನರಿಗೇ.