ಎರಡು ಸೆಕೆಂಡಿನ ಸಿಡಿತ

ತೊಂಬತ್ತರ ದಶಕದಲ್ಲಿ ನಾನು ರಾಣೆಬೆನ್ನೂರಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಎರಡು ಸೆಕೆಂಡಿನೊಳಗೆ ಹೊಳೆದು ಆರುವ ಗಾಮಾ ಕಿರಣಗಳ ಸ್ಫೋಟ ಆಕಾಶದಲ್ಲಿ ಹೇಗೆ ಹುಟ್ಟುತ್ತದೆಂದು ಆಗ ಯಾರಿಗೂ ಖಚಿತವಾಗಿ ಗೊತ್ತಿರಲಿಲ್ಲ. ಕೋಟ್ಯಂತರ ವರ್ಷ ಒಂದನ್ನೊಂದು ಸುತ್ತಿದ ಎರಡು ಸತ್ತ ನಕ್ಷತ್ರಗಳು ಕಡೆಗೆ ಡಿಕ್ಕಿ ಹೊಡೆಯುತ್ತವೆ ಎಂಬುದು ಒಂದು ಊಹೆ. ಅದನ್ನು ಓದಿದಾಗ ಬ್ಯಾಡಗಿಯ ನಮ್ಮ ಮನೆ ನೆನಪಾಯಿತು.

ಅವ್ವ, ದೊಡ್ಡವ್ವ ಒಂದೇ ಮನೆಯ ಸೊಸೆಯರು. ವರ್ಷಗಟ್ಟಲೆ ಎದುರುಬದುರು ಕೂತು, ಮಾತಿಲ್ಲದೆ ಮೆಣಸಿನಕಾಯಿ ತೊಟ್ಟು ಮುರಿದವರು. ಒಂದು ಮಧ್ಯಾಹ್ನ ಅವ್ವ ಮೊರ ಎತ್ತಿ ಒಗೆದಳು. ಅಂದೇ ಒಲೆ ಎರಡಾಯಿತು.

ಅಪ್ಪನಿಗೆ ಈ ನಕ್ಷತ್ರಗಳ ಸಂಗತಿ ಹೇಳಿದೆ. "ನಿಮ್ಮವ್ವಂದೂ ಹಂಗ ಆತು ನೋಡು. ಏನೂ ಇರಲಿಲ್ಲ, ಒಮ್ಮಿಂದೊಮ್ಮೆಲೇ ಸಿಡಿದ್ಲು," ಎಂದ.

ಏನೂ ಇರಲಿಲ್ಲವಂತೆ. ಅಷ್ಟೂ ವರ್ಷ ಅವನ ತಾಟಿಗೆ ಬಿಸಿ ರೊಟ್ಟಿ ತಪ್ಪಿರಲಿಲ್ಲ, ಅಷ್ಟೇ.