ಮೂರನೇ ಮಹಡಿಯ ಕೆಂಪು ಮುಖ

ಹೋದ ವರ್ಷದ ರಂಜಾನ್ ತಿಂಗಳು. ಬಿಸಿಲು ಆಗಲೇ ಏರಿತ್ತು. ರೋಜಾ ಇಟ್ಟುಕೊಂಡು ಶಿವಾಜಿನಗರದಲ್ಲಿ ಬಸ್ ಹತ್ತಿದರೆ, ಕೆ.ಆರ್. ಪುರ ಮುಟ್ಟುವ ಮೊದಲೇ ಟಿನ್ ಫ್ಯಾಕ್ಟರಿಯ ಟ್ರಾಫಿಕ್ಕಿನಲ್ಲಿ ನನ್ನ ಅರ್ಧ ಜೀವ ಹೋಗಿರುತ್ತಿತ್ತು. ಉಳಿದ ಅರ್ಧ ಜೀವದಲ್ಲಿ ಒಂದು ಸಾಫ್ಟ್‌ವೇರ್ ಕಚೇರಿಯ ಹೌಸ್‌ಕೀಪಿಂಗ್ ನೋಡಿಕೊಳ್ಳಬೇಕು. ನಾನು ಅಲ್ಲಿ ಸೂಪರ್‌ವೈಸರ್. ಹೆಸರೇನೋ ದೊಡ್ಡದು, ಆದರೆ ಮೇಲಿನವರ ಬೈಗುಳವನ್ನು ಕೇಳಿಸಿಕೊಂಡು ಕೆಳಗಿನವರಿಗೆ ತಲುಪಿಸುವುದೇ ನನ್ನ ಕೆಲಸ.

ರಂಜಾನ್ ಶುರುವಾಗುವ ಸ್ವಲ್ಪ ಮುಂಚೆ ಕಚೇರಿಯ ಪ್ರತಿ ಶೌಚಾಲಯದ ಬಾಗಿಲ ಪಕ್ಕ ಒಂದೊಂದು ಸ್ಕ್ರೀನ್ ತಂದು ಗೋಡೆಗೆ ಕೂರಿಸಿದ್ದರು. ಅದರಲ್ಲಿ ಎರಡು ಮುಖ. ಒಂದು ನಗುವ ಹಸಿರು ಮುಖ, ಇನ್ನೊಂದು ಗಂಟಿಕ್ಕಿಕೊಂಡ ಕೆಂಪು ಮುಖ. ಮೇಲೆ ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಒಂದು ಪ್ರಶ್ನೆ: ‘ಈ ಜಾಗ ಈಗ ಹೇಗಿದೆ?’ ಒಳಗೆ ಹೋಗಿ ಬಂದ ಇಂಜಿನಿಯರುಗಳು ಯಾವುದಾದರೂ ಒಂದು ಮುಖ ಒತ್ತಿ ಹೋಗುತ್ತಾರೆ ಎಂಬುದು ಅದನ್ನು ಮಾಡಿದವರ ಲೆಕ್ಕಾಚಾರ. ಕೆಂಪು ಒತ್ತಿದ ಕ್ಷಣ ನನ್ನ ಮೊಬೈಲು ಗುರ್ರೆನ್ನುತ್ತಿತ್ತು. ಹಸಿರು ಹೆಚ್ಚು ಬಂದ ಮಹಡಿಯ ಕೆಲಸದವಳ ಫೋಟೋ ಲಿಫ್ಟಿನ ಪಕ್ಕ ‘ವಾರದ ತಾರೆ’ ಎಂದು ಏರುತ್ತಿತ್ತು. ಕೆಂಪು ಹೆಚ್ಚಾದವಳಿಗೆ ಮೊದಲು ಎಚ್ಚರಿಕೆ, ಆಮೇಲೆ ಮನೆಯ ದಾರಿ.

ಇದನ್ನೆಲ್ಲ ತಂದವರು ನಮ್ಮ ಮ್ಯಾನೇಜರ್ ಪ್ರಮೋದ್. ವಯಸ್ಸಿನಲ್ಲಿ ನನ್ನ ತಮ್ಮನಂಥವರು, ಕೆಟ್ಟವರೇನಲ್ಲ. ಕೆಲಸದವರನ್ನೆಲ್ಲ ಕ್ಯಾಂಟೀನಿನಲ್ಲಿ ಸೇರಿಸಿ, ಸಮೋಸ ಕೊಡಿಸಿ ವಿವರಿಸಿದ್ದರು.

“ನೋಡ್ರಮ್ಮಾ, ತುಂಬಾ ಸಿಂಪಲ್. ಕ್ಲೀನ್ ಇದ್ರೆ ಹಸಿರು, ಗಲೀಜಿದ್ರೆ ಕೆಂಪು. ಇನ್ಮೇಲೆ ಯಾರೂ ಏನೂ ಮುಚ್ಚಿಡೋ ಹಾಗಿಲ್ಲ” ಎಂದರು. ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ.

ಮೂರನೇ ಮಹಡಿ ದೇವಮ್ಮನದು. ಯಾದಗಿರಿ ಕಡೆಯವಳು. ಗಂಡ ಕಟ್ಟಡದ ಸೆಂಟ್ರಿಂಗ್ ಕೆಲಸ ಮಾಡುವಾಗ ಮೇಲಿಂದ ಬಿದ್ದು ಸೊಂಟ ಮುರಿದುಕೊಂಡು ಮಲಗಿದ್ದ. ಮಗಳು ಹೈಸ್ಕೂಲು. ರೈಲ್ವೆ ಸ್ಟೇಷನ್ನಿನ ಹಿಂದಿನ ಬಾಡಿಗೆ ರೂಮಿನಲ್ಲಿ ಆ ಮೂವರ ಹೊಟ್ಟೆ ತುಂಬುತ್ತಿದ್ದದ್ದು ಇವಳೊಬ್ಬಳ ಕೆಲಸದಿಂದ. ಹಾಗಂತ ಕನಿಕರಕ್ಕೆ ಹೇಳುತ್ತಿಲ್ಲ, ಕೆಲಸದಲ್ಲಿ ಅವಳನ್ನು ಮೀರಿಸುವವರು ನಮ್ಮಲ್ಲಿ ಇರಲಿಲ್ಲ. ನಲ್ಲಿಯ ಬುಡವನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕುತ್ತಿದ್ದವಳು ಅವಳೊಬ್ಬಳೇ.

ಆದರೆ ಸ್ಕ್ರೀನು ಬಂದಂದಿನಿಂದ ಕೆಂಪು ಬರುತ್ತಿದ್ದದ್ದು ಅವಳ ಮಹಡಿಯಿಂದಲೇ. ಮೊಬೈಲು ಗುರ್ರೆಂದಾಗಲೆಲ್ಲ ನಾನು ಫೋನ್ ಮಾಡುತ್ತಿದ್ದೆ.

“ದೇವಮ್ಮಾ, ಮತ್ತೆ ಕೆಂಪು ಬಂದಿದೆ. ಎಲ್ಲಿದ್ದೀಯ?”

“ಇಲ್ಲೇ ಅದೀನ್ರೀ ಮೇಡಂ, ತೊಳ್ಯಾಕತ್ತೀನ್ರೀ” ಎನ್ನುತ್ತಿದ್ದಳು.

ಪ್ರತಿ ಸಲವೂ ಅವಳು ಆಗಲೇ ಅಲ್ಲಿರುತ್ತಿದ್ದಳು. ಅದು ಹೇಗೆ ಎಂದು ನನಗೆ ಹೊಳೆಯಲಿಲ್ಲ. ಬಾಯಿ ಒಣಗಿ ತಲೆ ಸಿಡಿಯುವಾಗ ಯಾರಿಗೆ ತಾನೇ ಹೊಳೆಯುತ್ತದೆ? “ಹೀಗಾದ್ರೆ ಆಗಲ್ಲ, ಇನ್ನೂ ಜಾಸ್ತಿ ಸಲ ಹೋಗಿ ನೋಡ್ತಾ ಇರು” ಎಂದು ಗದರಿದೆ. ಪಾಪ, ಅವಳು ಹಾಗೆಯೇ ಮಾಡಿದಳು. ಕೆಂಪು ಇನ್ನೂ ಹೆಚ್ಚಾಯಿತು.

ಪ್ರಮೋದ್ ನನ್ನನ್ನು ಕರೆದು ಕಂಪ್ಯೂಟರ್ ತೋರಿಸಿದರು. ನಾಲ್ಕನೇ ಮಹಡಿಯ ಸರೋಜಳದು ಪೂರ್ತಿ ಹಸಿರು. ದೇವಮ್ಮನದು ಪೂರ್ತಿ ಕೆಂಪು.

“ಶಬಾನಾ ಮೇಡಂ, ಡೇಟಾ ಸುಳ್ಳು ಹೇಳಲ್ಲ. ಇದು ಮೋಟಿವೇಶನ್ ಪ್ರಾಬ್ಲಂ. ಒಂದೇ ಸಂಬಳ, ಒಂದೇ ಕೆಲಸ. ಅವರಿಗೆ ಆಸಕ್ತಿ ಇದೆ, ಇವರಿಗಿಲ್ಲ.”

“ಇಲ್ಲ ಸರ್, ಅವಳು ಹಾಗಲ್ಲ. ಗಂಡನಿಗೆ ಬೇರೆ ಹುಷಾರಿಲ್ಲ” ಎಂದೆ.

“ಅರ್ಥ ಆಗುತ್ತೆ ಮೇಡಂ. ಆದ್ರೆ ನನ್ನ ಮೇಲೂ ಕೇಳೋರಿದಾರೆ. ಈ ವಾರ ನೋಡೋಣ. ಸರಿ ಹೋಗ್ಲಿಲ್ಲ ಅಂದ್ರೆ ಬೇರೆಯವರನ್ನ ಹಾಕ್ಸಿ.”

ಯಾರೋ ಬೇಕೆಂದೇ ಅವಳ ಮೇಲೆ ಹಗೆ ಸಾಧಿಸುತ್ತಿದ್ದಾರೆ ಎಂದು ನನಗೆ ಅನುಮಾನ ಬಂತು. ತಮಾಷೆಗೆ ಕೆಂಪು ಒತ್ತಿ ಹೋಗುವ ಪುಣ್ಯಾತ್ಮರು ಯಾರೆಂದು ನೋಡಿಯೇ ಬಿಡೋಣ ಎಂದು, ಮರುದಿನ ಊಟದ ಹೊತ್ತು ಮುಗಿಯುತ್ತಿದ್ದಂತೆ ಮೂರನೇ ಮಹಡಿಯ ಪ್ಯಾಂಟ್ರಿಯಲ್ಲಿ ಹೋಗಿ ನಿಂತೆ. ಅಲ್ಲಿಂದ ಹೆಂಗಸರ ಶೌಚಾಲಯದ ಬಾಗಿಲು ನೇರವಾಗಿ ಕಾಣುತ್ತದೆ. ಪ್ಯಾಂಟ್ರಿಯ ತುಂಬ ಕಾಫಿಯ ವಾಸನೆ. ಉಪವಾಸದಲ್ಲಿ ಅದಕ್ಕಿಂತ ದೊಡ್ಡ ಶಿಕ್ಷೆ ಬೇಡ.

ಹೆಣ್ಣುಮಕ್ಕಳು ಬಂದರು, ಹೋದರು. ಎಲ್ಲರ ಕಣ್ಣೂ ಮೊಬೈಲಿನಲ್ಲಿ. ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ನಡೆದೇ ಬಿಡುತ್ತಿದ್ದರು. ಒಬ್ಬಳಂತೂ ಆ ಸ್ಕ್ರೀನಿನ ಪಕ್ಕದ ಗೋಡೆಗೇ ಒರಗಿಕೊಂಡು ಬಹಳ ಹೊತ್ತು ಫೋನಿನಲ್ಲಿ ಮಾತಾಡಿದಳು. ತಲೆಯ ಪಕ್ಕದಲ್ಲಿ ಎರಡು ಮುಖಗಳು ಅವಳನ್ನೇ ನೋಡುತ್ತಿವೆ ಎಂಬ ಪರಿವೆಯೂ ಅವಳಿಗಿರಲಿಲ್ಲ. ಯಾರೂ ಹಸಿರನ್ನೂ ಮುಟ್ಟಲಿಲ್ಲ, ಕೆಂಪನ್ನೂ ಮುಟ್ಟಲಿಲ್ಲ.

ಆಮೇಲೆ ದೇವಮ್ಮ ಬಕೆಟ್ ಹಿಡಿದು ಬಂದಳು. ಬಾಗಿಲು ತೆಗೆದು ಒಳಗೆ ಇಣುಕಿದಳು. ಹೊರಗೆ ಬಂದು ಕೈಗವಸು ಬಿಚ್ಚಿ, ಬೆರಳನ್ನು ಸಮವಸ್ತ್ರಕ್ಕೆ ಚೆನ್ನಾಗಿ ಒರೆಸಿಕೊಂಡು, ಕೆಂಪು ಮುಖವನ್ನು ಗಟ್ಟಿಯಾಗಿ ಒತ್ತಿದಳು. ನನ್ನ ಕೈಯಲ್ಲಿದ್ದ ಮೊಬೈಲು ಗುರ್ರೆಂದಿತು.

“ದೇವಮ್ಮಾ, ಏನೇ ಮಾಡ್ದೆ ನೀನು? ಕೆಂಪು ಯಾಕೆ ಒತ್ತಿದೆ?” ಎಂದು ಓಡಿದೆ.

ಅವಳಿಗೆ ನನ್ನ ಗಾಬರಿಯೇ ಅರ್ಥವಾಗಲಿಲ್ಲ. “ಒಳಗ ಹೊಲಸ ಆಗ್ಯದಲ್ರೀ ಮೇಡಂ. ಹೊಲಸಿದ್ರ ಕೆಂಪು ಅಂತ ಸರ್ ಹೇಳ್ಯಾರಲ್ರೀ. ದಿನಾ ಒತ್ತೀನ್ರೀ. ನೀವು ಹೆಚ್ಚು ಸಲ ನೋಡು ಅಂದ್ರಿ, ನೋಡಿದಾಗೆಲ್ಲ ಒತ್ತೀನ್ರೀ.”

“ಆಯ್ತು, ತೊಳೆದ ಮೇಲೆ ಹಸಿರಾದ್ರೂ ಒತ್ಬಾರ್ದಾ?”

ಅವಳು ನಾಚಿಕೊಂಡು ಸೆರಗು ಹುಡುಕುವವಳಂತೆ ಕೈಯನ್ನು ಹೆಗಲಿಗೆ ಒಯ್ದಳು. ಮೈಮೇಲೆ ಇದ್ದದ್ದು ಕಂಪನಿಯ ಶರಟು. “ನಾ ತೊಳದದ್ದು ನಾನ ಛಲೋ ಅದ ಅಂತ ಹ್ಯಾಂಗ್ರೀ ಒತ್ಲಿ? ನೋಡಿದ ಮಂದಿ ಏನಂದಾರು?”

ಪ್ಯಾಂಟ್ರಿಯ ಸ್ಟೂಲಿನ ಮೇಲೆ ಕೂತೆ. ಅವಳನ್ನೂ ಕೂರಿಸಿಕೊಂಡು, ಕೆಂಪು ಮುಖ ಅಂದರೆ ಅವಳ ಮೇಲಿನ ದೂರು ಎಂದು ಬಿಡಿಸಿ ಹೇಳಿದೆ. ಅವಳ ಮುಖ ಇಳಿದು ಹೋಯಿತು.

“ನನ್ನ ಕೆಲಸ ತಗೀತಾರೇನ್ರೀ ಮೇಡಂ?” ಎಂದು ಮೆಲ್ಲಗೆ ಕೇಳಿದಳು.

ಅವಳನ್ನು ಅಲ್ಲೇ ಬಿಟ್ಟು ಪ್ರಮೋದ್ ಹತ್ತಿರ ಹೋದೆ. ಕಥೆ ಕೇಳಿ ಅವರು ಮೊದಲು ಜೋರಾಗಿ ನಕ್ಕರು. ನಗುತ್ತಲೇ ಕಂಪ್ಯೂಟರಿನಲ್ಲಿ ಏನೇನೋ ತೆರೆದು ನೋಡಿದರು. ನಗು ನಿಂತಿತು.

“ಮೇಡಂ, ಮೂರನೇ ಫ್ಲೋರಿನ ಕೆಂಪು ಕ್ಲೀನಿಂಗ್ ಟೈಮಿಗೇ ಬಂದಿದೆ, ಸರಿ. ನಾಲ್ಕನೇ ಫ್ಲೋರಿನ ಹಸಿರೂ ಕ್ಲೀನಿಂಗ್ ಟೈಮಿಗೇ ಬಂದಿದೆಯಲ್ಲ?”

ಸರೋಜ ಹೋಗುತ್ತಾ ಬರುತ್ತಾ ಮೊಣಕೈಯಲ್ಲಿ ಹಸಿರು ಕುಟ್ಟುತ್ತಿರುವುದು ನನಗೆ ಕಣ್ಣಿಗೆ ಕಟ್ಟಿದಂತೆ ಕಂಡಿತು. “ನಂಗೊತ್ತಿಲ್ಲ ಸರ್” ಎಂದೆ. ಒಬ್ಬಳನ್ನು ಉಳಿಸಲು ಹೋಗಿ ಇನ್ನೊಬ್ಬಳನ್ನು ಕಳೆದುಕೊಳ್ಳುವ ತ್ರಾಣ ನನಗಿರಲಿಲ್ಲ. ಅವರೂ ಮುಂದೆ ಕೇಳಲಿಲ್ಲ.

“ಹಾಗಾದ್ರೆ ಬೇರೆ ಯಾರೂ ಒತ್ತೇ ಇಲ್ವಾ? ಇಷ್ಟು ಜನ ಇದಾರೆ” ಎಂದು ತಮಗೆ ತಾವೇ ಹೇಳಿಕೊಂಡರು. ಕೊನೆಗೆ ಹೌಸ್‌ಕೀಪಿಂಗಿನವರು ಸ್ಕ್ರೀನ್ ಮುಟ್ಟಕೂಡದು ಎಂಬ ನಿಯಮ ಮಾಡಿದರು. ದೇವಮ್ಮನನ್ನು ತೆಗೆಯುವ ಮಾತು ಅಲ್ಲಿಗೆ ಮುಗಿಯಿತು.

ಸಂಜೆ ನಾನು ಮೇಲೆ ಹೋಗುವಷ್ಟರಲ್ಲಿ ಅವಳು ಕೆಲಸ ಮುಗಿಸಿ ನನ್ನ ದಾರಿಯನ್ನೇ ಕಾಯುತ್ತಿದ್ದಳು. “ಹೆದರ್ಬೇಡ, ಕೆಲಸಕ್ಕೇನೂ ತೊಂದ್ರೆ ಇಲ್ಲ. ಇನ್ಮೇಲೆ ಅದನ್ನ ಮುಟ್ಬೇಡ, ಅಷ್ಟೇ” ಎಂದೆ. ಅವಳು ದೇವರಿಗೆ ಕೈ ಮುಗಿದಳು. ಆದರೆ ಹೋಗಲಿಲ್ಲ, ಸ್ಕ್ರೀನ್ ನೋಡುತ್ತಾ ನಿಂತಳು.

“ಹಂಗಾದ್ರ ಅದು ನಮ್ಮನ್ನ ಕೇಳಿದ್ದಲ್ಲೇನ್ರೀ ಮೇಡಂ?”

“ಅಲ್ಲ ಕಣೇ. ಒಳಗೆ ಹೋಗಿ ಬರೋರನ್ನ ಕೇಳಿದ್ದು.”

“ನಾ ಬ್ಯಾರೆ ತಿಳ್ಕೊಂಡಿದ್ದೆ. ನಾವು ಒತ್ತಿದ್ರ ಮ್ಯಾಲಿನವ್ರಿಗೆ ತಿಳೀತದ, ಹಿಂಗ ಹೊಲಸ ಮಾಡಿ ಹೋಗಬ್ಯಾಡ್ರಿ, ಅಲ್ಲಿ ತೊಳ್ಯೋರು ಅದಾರ ಅಂತ ಅವ್ರು ಮಂದಿಗೆ ಹೇಳ್ತಾರ ಅಂತ. ಅದಕ್ಕ ಅಷ್ಟು ನೆಪ್ಪಿಟ್ಟು ಒತ್ತತಿದ್ದೆ.”

“ಮನೆಗೆ ಹೋಗು, ಹೊತ್ತಾಯ್ತು” ಎಂದೆ.

ಅವತ್ತು ಹೊತ್ತು ಮುಳುಗಿದಾಗ ಬಸ್ಸಿನಲ್ಲೇ ರೋಜಾ ಬಿಟ್ಟೆ. ಪಕ್ಕದ ಸೀಟಿನ ತಮಿಳು ಅಜ್ಜಿ ನೀರಿನ ಬಾಟಲಿ ಕೊಟ್ಟರು. ನನ್ನ ಚೀಲದಲ್ಲಿದ್ದ ಖರ್ಜೂರದಲ್ಲಿ ಒಂದನ್ನು ಅವರಿಗೂ ಕೊಟ್ಟೆ.

ನಾನು ಈಗಲೂ ಅಲ್ಲೇ ಕೆಲಸ ಮಾಡುತ್ತೇನೆ, ದೇವಮ್ಮನೂ ಇದ್ದಾಳೆ. ಸ್ಕ್ರೀನುಗಳೂ ಇವೆ. ನನ್ನ ಮೊಬೈಲು ಈಗ ಸದ್ದು ಮಾಡುವುದಿಲ್ಲ. ದೂರುಗಳು ಪೂರ್ತಿ ನಿಂತಿವೆ ಎಂದು ಪ್ರಮೋದ್ ಅವರನ್ನು ಮೇಲಿನವರು ಹೊಗಳಿದರಂತೆ. ಮೂರನೇ ಮಹಡಿಗೆ ಹೋದಾಗಲೆಲ್ಲ ಆ ಪ್ರಶ್ನೆ ಓದುತ್ತೇನೆ, ಪ್ರತಿ ಸಲವೂ ಸಂಕಟವಾಗುತ್ತದೆ. ಅಷ್ಟು ದೊಡ್ಡ ಕಟ್ಟಡದಲ್ಲಿ ಅದಕ್ಕೆ ನಿಯತ್ತಾಗಿ ಉತ್ತರ ಕೊಟ್ಟವಳು ಒಬ್ಬಳೇ, ಅವಳಿಗೆ ಮುಟ್ಟಬೇಡ ಎಂದು ಹೇಳಿದವಳು ನಾನು.